ಲೆಟರಿಂಗ್ ಕಲಾವಿದರ ಕೆಲಸವನ್ನು ಸ್ಕೇಲು, ಪೆನ್ಸಿಲು ಹಿಡಿದು ಮೆಚ್ಚುವ ಬಗೆ

ಒಳ್ಳೆಯ ಲೆಟರಿಂಗ್, ಅಂದರೆ ಒಂದು ಪದಕ್ಕೆಂದೇ ಬಿಡಿಸಿದ ಅಕ್ಷರಗಳು, ಕಣ್ಣಿಗೆ ಬಿದ್ದರೆ ಎಲ್ಲರೂ ಮೊದಲು ಹೊಗಳುವುದು ಅದರ ಬಳುಕನ್ನು. ಕೊನೆಯ ಅಕ್ಷರದಿಂದ ಹೊರಟು ಪದದ ಅಡಿಯಲ್ಲಿ ಸುತ್ತಿ ಬರುವ ಗೆರೆ, ಸಂದಿಗೊಂದಿಯಲ್ಲಿ ತುಂಬಿದ ಅಲಂಕಾರ, ನೆರಳು, ಹೊಳಪು. ನಾನು ಮೊದಲು ಮಾಡುವ ಕೆಲಸ, ಅದನ್ನೆಲ್ಲ ಬಿಳಿ ಕಾಗದದ ಚೂರುಗಳಿಂದ ಮುಚ್ಚಿಬಿಡುವುದು. ಮುಚ್ಚಿದ ಮೇಲೆ ಉಳಿದ ಅಕ್ಷರಗಳು ತಮ್ಮ ಪಾಡಿಗೆ ತಾವು ನಿಂತರೆ ಆ ಕೆಲಸವನ್ನು ಕೂತು ಅಳೆಯುತ್ತೇನೆ. ಕುಸಿದುಬಿದ್ದರೆ ಅಲಂಕಾರ ಅಲ್ಲಿ ದೋಷ ಮುಚ್ಚುವುದಕ್ಕೆ ಬಂದಿದೆ ಎಂದರ್ಥ. ಎಷ್ಟೇ ಲೈಕು ಬಿದ್ದಿದ್ದರೂ ಅದನ್ನು ಪಕ್ಕಕ್ಕಿಡುತ್ತೇನೆ.

ಕೈ ಹಾಕುವ ಮೊದಲು ಎದುರಿಗಿರುವುದು ಲೆಟರಿಂಗೋ ಫಾಂಟೋ ಎಂದು ಖಾತ್ರಿಯಾಗಬೇಕು. ಕ್ಯಾಲಿಗ್ರಫಿಯಲ್ಲಿ ಲೇಖನಿಯ ಒಂದೊಂದು ಬೀಸೇ ಅಂತಿಮ ಗೆರೆ. ಲೆಟರಿಂಗ್‌ನಲ್ಲಿ ಅಕ್ಷರವನ್ನು ಆ ಒಂದು ಪದಕ್ಕಾಗಿಯೇ ತಿದ್ದಿ ತಿದ್ದಿ ಬಿಡಿಸಿರುತ್ತಾರೆ. ಫಾಂಟ್‌ನಲ್ಲಿ ಪಕ್ಕಕ್ಕೆ ಯಾವ ಅಕ್ಷರ ಬಂದರೂ ಹೊಂದಿಕೊಳ್ಳುವ ಹಾಗೆ ಮಾಡಿಟ್ಟಿರುತ್ತಾರೆ. ಪತ್ತೆ ಹಚ್ಚುವ ಸುಲಭದ ದಾರಿ: ಪದದಲ್ಲಿ ಎರಡು ಸಲ ಬಂದಿರುವ ಅಕ್ಷರವನ್ನು ಹುಡುಕಿ, ಒಂದನ್ನು ಟ್ರೇಸಿಂಗ್ ಪೇಪರಿಗೆ ಇಳಿಸಿಕೊಂಡು ಇನ್ನೊಂದರ ಮೇಲೆ ಇಡಿ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಿದ್ದರೆ ಬಹುಮಟ್ಟಿಗೆ ಫಾಂಟು. ಆದರೆ ಒಂದೇ ಅಕ್ಷರಕ್ಕೆ ಮೂರು ನಾಲ್ಕು ರೂಪ ಇಟ್ಟಿರುವ ಓಪನ್‌ಟೈಪ್ ಫಾಂಟುಗಳೂ ಇವೆ, ಹಾಗಾಗಿ ವ್ಯತ್ಯಾಸ ಕಂಡ ಮಾತ್ರಕ್ಕೆ ಲೆಟರಿಂಗ್ ಎಂದು ತೀರ್ಮಾನಿಸಬಾರದು. ನಿಜವಾದ ಲೆಟರಿಂಗ್‌ನಲ್ಲಿ ಆ ವ್ಯತ್ಯಾಸಕ್ಕೆ ಕಾರಣ ಪಕ್ಕದ ಅಕ್ಷರದಲ್ಲೇ ಸಿಗುತ್ತದೆ. ಒಂದು ಕಡೆ ಜಾಗ ಇತ್ತು, ಬಾಲ ಉದ್ದವಾಯಿತು. ಇನ್ನೊಂದು ಕಡೆ ಇಕ್ಕಟ್ಟು, ಮಡಚಿಕೊಂಡಿತು.

ಯಾರ ಕೆಲಸದಲ್ಲಿ ಏನು ನೋಡುವುದು

ಎಲ್ಲರ ಕೆಲಸದಲ್ಲೂ ಎಲ್ಲವನ್ನೂ ಹುಡುಕಲು ಹೋದರೆ ಏನೂ ದಕ್ಕುವುದಿಲ್ಲ. ಒಬ್ಬೊಬ್ಬರಲ್ಲಿ ಒಂದೊಂದನ್ನು ನೋಡುತ್ತೇನೆ.

ಅಮೆರಿಕದ ಲೆಟರಿಂಗ್ ಕಲಾವಿದೆ ಜೆಸಿಕಾ ಹಿಶ್ 2009ರಲ್ಲಿ ಕೆಲಸದ ದಿನಕ್ಕೊಂದರಂತೆ ಅಲಂಕಾರದ ಮೊದಲಕ್ಷರಗಳನ್ನು ಬಿಡಿಸಲು ಶುರು ಮಾಡಿ ಹನ್ನೆರಡು ಸುತ್ತು ವರ್ಣಮಾಲೆ ಮುಗಿಸಿದರು. ಆಮೇಲೆ ಪೆಂಗ್ವಿನ್‌ಗಾಗಿ, ಪುಸ್ತಕಕ್ಕೊಂದು ಅಕ್ಷರದಂತೆ, 26 ಹೊದಿಕೆಗಳ ಸರಣಿ ಮಾಡಿದರು. ಅಭ್ಯಾಸಕ್ಕೆ ಇದಕ್ಕಿಂತ ಅನುಕೂಲದ ಸಾಮಗ್ರಿ ಇಲ್ಲ. ಪದ ಇಲ್ಲ, ಹಾಗಾಗಿ ಅಕ್ಷರಗಳ ನಡುವೆ ಜಾಗ ಹೊಂದಿಸುವ, ಅಂದರೆ ಸ್ಪೇಸಿಂಗ್‌ನ ತಲೆನೋವಿಲ್ಲ. ಒಂದೇ ಅಕ್ಷರ, ಅದರ ಎಲುಬು, ಅಂದರೆ ಮೂಲ ಆಕಾರ, ಎಲ್ಲಿ ಮುಗಿಯುತ್ತದೆ, ಅಲಂಕಾರ ಎಲ್ಲಿ ಶುರುವಾಗುತ್ತದೆ ಎಂದಷ್ಟೇ ನೋಡಿದರಾಯಿತು. ಹೊಸಬರು ಇಲ್ಲಿಂದಲೇ ಹೊರಡುವುದು ಒಳ್ಳೆಯದು.

ಹಿಶ್ ಸ್ವಂತ ಕೆಲಸಕ್ಕೆ ಇಳಿಯುವ ಮೊದಲು ಲೂಯಿಸ್ ಫಿಲಿ ಅವರ ಸ್ಟುಡಿಯೋದಲ್ಲಿದ್ದರು. ಫಿಲಿ ಅದಕ್ಕೂ ಮುಂಚೆ ಗ್ರಾಫಿಕ್ ವಿನ್ಯಾಸಕಾರ ಹರ್ಬ್ ಲುಬಾಲಿನ್ ಅವರ ಕೈಕೆಳಗೆ ಕೆಲಸ ಮಾಡಿ, 1978ರಿಂದ 1989ರವರೆಗೆ ಪ್ಯಾಂಥಿಯಾನ್ ಪ್ರಕಾಶನದಲ್ಲಿ ಸುಮಾರು ಎರಡು ಸಾವಿರ ಪುಸ್ತಕಗಳ ಹೊದಿಕೆ ಮಾಡಿಸಿದವರು. ಈ ಮೂವರ ಒಂದೊಂದು ಕೆಲಸವನ್ನು ಅಕ್ಕಪಕ್ಕ ಇಟ್ಟು ಅಕ್ಷರಗಳ ನಡುವಿನ ಸಂದನ್ನು ಅಳೆದು ನೋಡಿ. ಲುಬಾಲಿನ್ ಅವರಲ್ಲಿ ಅಕ್ಷರಗಳು ಮುಟ್ಟಿದವೋ ಇಲ್ಲವೋ ಎನ್ನುವಷ್ಟು ಹತ್ತಿರ. ಅಲ್ಲಿಂದ ಮುಂದಿನವರು ಏನನ್ನು ಉಳಿಸಿಕೊಂಡರು, ಎಲ್ಲಿ ಉಸಿರಾಡಲು ಜಾಗ ಬಿಟ್ಟರು ಎಂಬುದು ಸ್ಕೇಲಿನಲ್ಲೇ ಗೊತ್ತಾಗುತ್ತದೆ.

ಮಾರಿಯಾನ್ ಬಾಂಟ್ಯೆಸ್ ಪುಸ್ತಕಗಳ ಟೈಪ್‌ಸೆಟರ್ ಆಗಿ ಶುರು ಮಾಡಿದವರು. ಅವರ ಅಲಂಕಾರ ಎಷ್ಟೇ ದಟ್ಟವಾಗಿದ್ದರೂ ಬಿಳಿಯ ಹಂಚಿಕೆ ತಪ್ಪುವುದಿಲ್ಲ, ಅದನ್ನು ನೋಡಲು ಅವರ ಬಳಿ ಹೋಗುತ್ತೇನೆ. ಪೌಲಾ ಶೆರ್ 1994ರಲ್ಲಿ ನ್ಯೂಯಾರ್ಕಿನ ಪಬ್ಲಿಕ್ ಥಿಯೇಟರಿಗೆ ಮಾಡಿದ ಗುರುತಿನಲ್ಲಿ ಒಂದೇ ಪದದ ಅಕ್ಷರಗಳಿಗೆ ಬೇರೆ ಬೇರೆ ತೂಕ (ಗೆರೆಯ ದಪ್ಪ), ಆದರೂ ಪದ ಚದುರುವುದಿಲ್ಲ. ಯಾಕೆ ಚದುರುವುದಿಲ್ಲ ಎಂಬುದೇ ಅಲ್ಲಿನ ಪಾಠ. ಮಾರ್ಟಿನಾ ಫ್ಲೋರ್ ಮತ್ತು ಜುಸೆಪ್ಪೆ ಸಲೆರ್ನೋ ಒಂದೇ ಸೂಚನೆಗೆ ಒಬ್ಬರು ಲೆಟರಿಂಗ್, ಇನ್ನೊಬ್ಬರು ಕ್ಯಾಲಿಗ್ರಫಿ ಮಾಡಿ ಎದುರುಬದುರು ಇಟ್ಟ ಕೆಲಸವಿದೆ. ಬರೆದದ್ದಕ್ಕೂ ಬಿಡಿಸಿದ್ದಕ್ಕೂ ಇರುವ ಅಂತರ ಅರ್ಥವಾಗದವರಿಗೆ ಅದನ್ನೇ ತೋರಿಸುತ್ತೇನೆ.

ಅಳೆಯುವ ಮೊದಲು

ಎದುರಿನಿಂದ ನೇರವಾಗಿ ತೆಗೆದ ಚಿತ್ರವೇ ಬೇಕು. ಗೋಡೆ ಬರಹದ ಫೋಟೋಗಳನ್ನು ಸಾಮಾನ್ಯವಾಗಿ ಕೆಳಗಿನಿಂದ ತೆಗೆದಿರುತ್ತಾರೆ. ಮೇಲಿನ ಅಕ್ಷರಗಳು ಕುಗ್ಗಿ, ನೆಟ್ಟಗಿನ ಗೆರೆಗಳು ಒಳಕ್ಕೆ ವಾಲಿರುತ್ತವೆ. ಸಾಫ್ಟ್‌ವೇರಿನಲ್ಲಿ ನೆಟ್ಟಗೆ ಮಾಡಿದರೂ ಗೆರೆಯ ದಪ್ಪ ನಂಬುವ ಹಾಗಿರುವುದಿಲ್ಲ. ಅಂಥವನ್ನು ಎಲುಬು ನೋಡಲು ಮಾತ್ರ ಇಟ್ಟುಕೊಳ್ಳಿ, ದಪ್ಪ ಅಳೆಯಬೇಡಿ. ಮುದ್ರಿತ ಪುಸ್ತಕದಿಂದಾದರೆ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡುತ್ತೇನೆ. ಪರದೆಯಿಂದ ತೆಗೆದ ಚಿತ್ರವಾದರೆ ತೆಳು ಗೆರೆಗೆ ಕಡೇಪಕ್ಷ ಹತ್ತು ಪಿಕ್ಸೆಲ್ ಅಗಲ ಇರಲೇಬೇಕು. ಅದಕ್ಕಿಂತ ಕಡಿಮೆಯಿದ್ದರೆ ಅಂಚಿನ ಬೂದು ಪಿಕ್ಸೆಲ್‌ಗಳನ್ನು ಗೆರೆಯೆಂದು ಎಣಿಸುತ್ತೀರಿ, ಅಳತೆಯಲ್ಲಿ ಐದನೇ ಒಂದು ಪಾಲು ತಪ್ಪುವುದು ಏನೂ ಕಷ್ಟವಿಲ್ಲ.

ಎ4 ಹಾಳೆಗೆ ಬೂದು ಬಣ್ಣದಲ್ಲಿ ಪ್ರಿಂಟ್ ತೆಗೆಯುತ್ತೇನೆ. ಇಂಗ್ಲಿಷಿನ ಚಿಕ್ಕಕ್ಷರದ ಮೈ (ಮೇಲಕ್ಕೂ ಕೆಳಕ್ಕೂ ಚಾಚಿದ ಕಾಲು ಬಿಟ್ಟು ಉಳಿದ ಭಾಗ) 40 ಮಿಲಿಮೀಟರ್ ಎತ್ತರ ಬರುವಷ್ಟು ಹಿಗ್ಗಿಸಿದರೆ ದಪ್ಪ ಗೆರೆ 6ರಿಂದ 8 ಮಿಲಿಮೀಟರ್ ಆಗುತ್ತದೆ, ಸಾಮಾನ್ಯ ಸ್ಕೇಲಿನಲ್ಲೇ ಅಳೆಯಬಹುದು. ಪದ ಉದ್ದವಿದ್ದರೆ ಎರಡು ಹಾಳೆ. ಟ್ರೇಸಿಂಗ್ ಪೇಪರ್ 90 ಜಿಎಸ್‌ಎಂನದು ತೆಗೆದುಕೊಳ್ಳಿ, ತೆಳುವಾದದ್ದು ನಾಲ್ಕು ಸಲ ಅಳಿಸಿದರೆ ಸುಕ್ಕುಗಟ್ಟುತ್ತದೆ. ಅದನ್ನು ಮೇಲಿನ ಅಂಚಿಗೆ ಮಾತ್ರ, ಸುಲಭವಾಗಿ ಕಿತ್ತುಬರುವ ಟೇಪಿನಿಂದ ಅಂಟಿಸಿ. ಪುಟ ಮಗುಚಿದ ಹಾಗೆ ಎತ್ತಿ ಕೆಳಗಿನದನ್ನು ನೋಡಿ ಮತ್ತೆ ಇಳಿಸಿದರೆ ಜಾಗ ಕದಲಬಾರದು. ನಾಲ್ಕು ಮೂಲೆಗೂ ಅಂಟಿಸಿದರೆ ಹೀಗೆ ಎತ್ತಿ ನೋಡುವುದು ತಪ್ಪಿ, ಕಣ್ಣುಮುಚ್ಚಿ ನಕಲು ಮಾಡುವ ಕೆಲಸವಾಗಿಬಿಡುತ್ತದೆ.

ಎಲುಬು

ಮೊದಲ ಹಾಳೆಯಲ್ಲಿ ಅಂಚುಗಳನ್ನು ಎಳೆಯುವುದೇ ಇಲ್ಲ. 2ಎಚ್ ಪೆನ್ಸಿಲಿನಿಂದ ಪ್ರತಿ ಗೆರೆಯ ನಟ್ಟನಡುವೆ ಒಂದೇ ಸಪೂರ ಗೆರೆ ಎಳೆಯುತ್ತೇನೆ. ದಪ್ಪ, ನೆರಳು, ಬಾಲ ಯಾವುದೂ ಬೇಡ. ಇದಾದ ಮೇಲೆ ಟ್ರೇಸಿಂಗ್ ಪೇಪರನ್ನು ಎತ್ತಿ ಬಿಳಿ ಹಾಳೆಯ ಮೇಲಿಟ್ಟು ಓದಿ. ಓದಲು ಬಂದರೆ, ಅಕ್ಷರಗಳೆಲ್ಲ ಒಂದೇ ಕೈಯಿಂದ ಬಂದವು ಅನ್ನಿಸಿದರೆ, ಆ ಕೆಲಸದ ಅಡಿಪಾಯ ಸಿಕ್ಕಿತು.

ಓರೆಯ ಅಕ್ಷರಗಳಿದ್ದರೆ ಇಲ್ಲೇ ಕೋನಮಾಪಕ ಇಟ್ಟು ವಾಲಿಕೆ ಅಳೆಯಬೇಕು. ಕಾಪರ್‌ಪ್ಲೇಟ್ ಶೈಲಿಯಲ್ಲಿ ವಾಲಿಕೆ ಬೇಸ್‌ಲೈನ್‌ನಿಂದ (ಅಕ್ಷರಗಳು ಕೂರುವ ಗೆರೆಯಿಂದ) ಸುಮಾರು 55 ಡಿಗ್ರಿ, ಸ್ಪೆನ್ಸೇರಿಯನ್‌ನಲ್ಲಿ 52. ಇವೆರಡೂ ಹಳೆಯ ಓರೆ ಕೈಬರಹದ ಶೈಲಿಗಳು, ಈಗಿನ ಕಲಾವಿದರು ಈ ಅಂಕಿಗೆ ಕಟ್ಟುಬಿದ್ದಿಲ್ಲ. ಆದರೆ ಒಂದು ಪದದೊಳಗೆ ಅದನ್ನು ಬದಲಿಸುವವರು ಕಡಿಮೆ. ಎರಡು ಡಿಗ್ರಿ ಹೆಚ್ಚುಕಡಿಮೆಯಾದರೂ ಕಣ್ಣಿಗೆ ಏನೋ ಒಂದು ಚುಚ್ಚುತ್ತದೆ, ಏನೆಂದು ಮಾತ್ರ ತಿಳಿಯುವುದಿಲ್ಲ. ಬೆರಳಿಟ್ಟು ತೋರಿಸುವುದು ಕೋನಮಾಪಕವೇ.

ಎಲುಬಿನ ಹಾಳೆಯನ್ನು 180 ಡಿಗ್ರಿ ತಿರುಗಿಸಿ ನೋಡುವುದನ್ನು ಬಿಡಬೇಡಿ. ಇಂಗ್ಲಿಷಿನ ಎಸ್ ಅಥವಾ ಅಂಕಿ 8 ತಲೆಕೆಳಗಾದರೆ ಮೇಲ್ಭಾಗ ದೊಡ್ಡದಾಗಿ, ಬೀಳುವ ಹಾಗೆ ಕಾಣುತ್ತದೆ. ನೆಟ್ಟಗಿದ್ದಾಗ ಎರಡೂ ಭಾಗ ಸಮ ಅನ್ನಿಸಿದ್ದು ಮೇಲಿನದನ್ನು ಬೇಕೆಂದೇ ಚಿಕ್ಕದು ಮಾಡಿದ್ದರಿಂದ. ಎಚ್‌ನ ಅಡ್ಡಗೆರೆ ಕೂಡ ನಡುವಿಗಿಂತ ಒಂದಿಷ್ಟು ಮೇಲೆ ಇರುತ್ತದೆ. ಲೆಕ್ಕಕ್ಕೆ ಸರಿಯಿರುವುದು ಕಣ್ಣಿಗೆ ತಪ್ಪಾಗಿ ಕಾಣುತ್ತದೆ, ಲೆಟರಿಂಗ್ ಮಾಡುವವರ ಅರ್ಧ ದುಡಿಮೆ ಇದನ್ನು ಸರಿದೂಗಿಸುವುದರಲ್ಲೇ ಹೋಗುತ್ತದೆ.

ದಪ್ಪ, ತೆಳು

ಎರಡನೇ ಹಾಳೆಗೆ 0.5 ಮಿಲಿಮೀಟರ್ ಕಡ್ಡಿಯ ಪೆನ್ಸಿಲಿನಿಂದ ಅಂಚುಗಳನ್ನು ಇಳಿಸಿ, ದಪ್ಪವನ್ನು ಅಳೆದು ಅಲ್ಲಲ್ಲೇ ಬರೆಯುತ್ತೇನೆ. ಪ್ರತಿ ಅಕ್ಷರದಲ್ಲಿ ಮೂರು ಜಾಗ ಸಾಕು: ನೆಟ್ಟಗಿನ ಗೆರೆಯ ನಡು, ದುಂಡು ಗೆರೆಯ ಅತಿ ದಪ್ಪ ಭಾಗ, ಅಡ್ಡಗೆರೆ.

ಬಹುತೇಕ ಕಡೆ ಕಾಣುವುದು ಇದು. ಎಲ್ಲ ಗೆರೆಯೂ ಒಂದೇ ದಪ್ಪ ಎಂದು ಕಾಣುವ ಅಕ್ಷರದಲ್ಲೂ ಅಡ್ಡಗೆರೆ ನೆಟ್ಟಗಿನದಕ್ಕಿಂತ ಶೇಕಡಾ 5ರಿಂದ 15 ತೆಳು. ದುಂಡಿನ ಅತಿ ದಪ್ಪ ಭಾಗ ನೆಟ್ಟಗಿನ ಗೆರೆಗಿಂತ ತುಸು ಹೆಚ್ಚು, ಏಕೆಂದರೆ ಆ ದಪ್ಪ ಒಂದು ಕ್ಷಣ ಮಾತ್ರ ಇದ್ದು ಎರಡೂ ಕಡೆ ಕರಗುತ್ತದೆ. ದುಂಡಕ್ಷರಗಳು ಬೇಸ್‌ಲೈನ್‌ನಿಂದ ಕೆಳಕ್ಕೂ ಮೇಲಿನ ಗೆರೆಯಿಂದ ಆಚೆಗೂ ಎತ್ತರದ ಶೇಕಡಾ 1ರಿಂದ 3ರಷ್ಟು ಚಾಚಿರುತ್ತವೆ. 40 ಮಿಲಿಮೀಟರಿಗೆ ಇದು ಅರ್ಧದಿಂದ ಒಂದು ಮಿಲಿಮೀಟರ್, ಪೆನ್ಸಿಲಿನ ಗೆರೆಯಷ್ಟೇ. ಇದನ್ನು ಬಿಟ್ಟರೆ ಇಂಗ್ಲಿಷಿನ ಓ ಅಕ್ಷರ ಅಕ್ಕಪಕ್ಕದವಕ್ಕಿಂತ ಕುಳ್ಳಗೆ ಕಾಣುತ್ತದೆ.

ಒಂದು ಜಾಗವನ್ನು ಮಾತ್ರ ಹತ್ತಿರದಿಂದ ನೋಡಲೇಬೇಕು. ಇಂಗ್ಲಿಷಿನ ಚಿಕ್ಕ ಎನ್‌ನಲ್ಲಿ ಕಮಾನು ಕಂಬವನ್ನು ಬಿಟ್ಟು ಹೊರಡುವ ಸಂದು. ಅಲ್ಲಿ ಎರಡು ಕಪ್ಪು ಗೆರೆ ಕೂಡುವುದರಿಂದ ಕಣ್ಣಿಗೆ ಒಂದು ಕಪ್ಪು ಗಂಟು ಕಾಣುತ್ತದೆ. ನುರಿತವರು ಕಮಾನನ್ನು ಹುಟ್ಟುವಲ್ಲಿ ಕಂಬದ ಅರ್ಧಕ್ಕೂ ತೆಳುವಾಗಿಸಿ, ಒಳಗಿನ ಬಿಳಿಯನ್ನು ಬೆಣೆಯ ಹಾಗೆ ಸಂದಿನೊಳಕ್ಕೆ ನೂಕಿರುತ್ತಾರೆ. ಬೆಣೆ ಎಷ್ಟು ಆಳಕ್ಕೆ ಹೋಗಿದೆ ಎಂದು ಅಳೆದಿಟ್ಟುಕೊಳ್ಳಿ. ಇದೇ ಉಪಾಯವನ್ನು ಮ್ಯಾಥ್ಯೂ ಕಾರ್ಟರ್ 1978ರಲ್ಲಿ ಅಮೆರಿಕದ ಟೆಲಿಫೋನ್ ಡೈರೆಕ್ಟರಿಗೆಂದು ಮಾಡಿದ ಬೆಲ್ ಸೆಂಟೆನಿಯಲ್ ಫಾಂಟಿನಲ್ಲಿ ಅತಿಗೆ ಒಯ್ದಿದ್ದರು. ಅಗ್ಗದ ಕಾಗದದಲ್ಲಿ ಶಾಯಿ ಹರಡಿದಾಗ ತುಂಬಿಕೊಳ್ಳಲಿ ಎಂದು ಸಂದುಗಳಲ್ಲಿ ಕಚ್ಚು ತೆಗೆದಿಟ್ಟರು. ಲೆಟರಿಂಗ್‌ನಲ್ಲಿ ಕಚ್ಚು ಹೊರಗೆ ಕಾಣುವ ಹಾಗಿಲ್ಲ, ಗಂಟು ಮಾತ್ರ ಮಾಯವಾಗಬೇಕು. ಹೊಸಬರ ಕೆಲಸ ಕಂಡ ತಕ್ಷಣ ನಾನು ಮೊದಲು ಇಣುಕುವುದು ಈ ಸಂದಿಗೇ.

ದಪ್ಪ ಎಲ್ಲಿ ಬರಬೇಕೆಂಬುದನ್ನು ತೀರ್ಮಾನಿಸುವುದು ಲೇಖನಿ. ಅಗಲ ನಿಬ್ಬಿನಲ್ಲಿ ನಿಬ್ಬು ಹಿಡಿದ ಕೋನದಿಂದ ದಪ್ಪ ಹುಟ್ಟುತ್ತದೆ, ಸಾಮಾನ್ಯವಾಗಿ 30ರಿಂದ 45 ಡಿಗ್ರಿ. ಚೂಪು ನಿಬ್ಬಿನಲ್ಲಿ ಕೆಳಕ್ಕೆ ಎಳೆಯುವಾಗ ಒತ್ತಿದರೆ ದಪ್ಪ, ಮೇಲಕ್ಕೆ ಹೋಗುವಾಗ ತೆಳು. ನೆದರ್‌ಲೆಂಡ್ಸ್‌ನ ಗೆರಿಟ್ ನೋರ್ಡ್‌ಝೈ ಈ ಎರಡು ಬಗೆಯನ್ನು ಬೇರ್ಪಡಿಸಿ ಕಲಿಸಿದ್ದು ಇಂದಿಗೂ ಅಕ್ಷರ ವಿನ್ಯಾಸದ ತರಗತಿಗಳ ಬುನಾದಿ. ಲೆಟರಿಂಗ್ ಬಿಡಿಸಿದ್ದೇ ಆದರೂ ಗೆರೆಯ ಹಿಂದೆ ಯಾವುದೋ ಒಂದು ಲೇಖನಿ ಇರುತ್ತದೆ. ಎರಡನ್ನೂ ಕಲಬೆರಕೆ ಮಾಡಿದರೆ ಮೇಲಕ್ಕೆ ಹೋಗುವ ಗೆರೆ ಒಂದು ಅಕ್ಷರದಲ್ಲಿ ದಪ್ಪ, ಇನ್ನೊಂದರಲ್ಲಿ ತೆಳು ಆಗುತ್ತದೆ. ನೋಡುವವರಿಗೆ ಕಾರಣ ಹೊಳೆಯದಿದ್ದರೂ ಪದ ಕಲಸಿಹೋದಂತೆ ಕಾಣುತ್ತದೆ.

ತೆಳು ಗೆರೆಗೆ ಇನ್ನೊಂದು ಲೆಕ್ಕ ಇದೆ. ಮುದ್ರಣದಲ್ಲಿ 0.25 ಪಾಯಿಂಟಿಗಿಂತ, ಅಂದರೆ ಸುಮಾರು 0.09 ಮಿಲಿಮೀಟರಿಗಿಂತ ತೆಳುವಾದ ಗೆರೆ ನಿಲ್ಲುವುದನ್ನು ನಂಬಬಾರದು. ಕಪ್ಪಿನ ಮೇಲೆ ಬಿಳಿ ಗೆರೆಯಾದರೆ ಅದರ ಎರಡು ಪಟ್ಟು ಬೇಕು. 120 ಮಿಲಿಮೀಟರ್ ಅಗಲದಲ್ಲಿ ಬಿಡಿಸಿದ ಲೋಗೋದಲ್ಲಿ 0.4 ಮಿಲಿಮೀಟರಿನ ತೆಳು ಗೆರೆ ಚೆಂದ ಕಾಣುತ್ತದೆ. 20 ಮಿಲಿಮೀಟರಿಗೆ ಇಳಿಸಿದರೆ ಅದು 0.07ಕ್ಕೂ ಕೆಳಗಿಳಿದು ತುಂಡಾಗುತ್ತದೆ. ಹಾಗಾಗಿ ಒಳ್ಳೆಯ ಲೋಗೋಗಳಿಗೆ ದೊಡ್ಡ ಅಳತೆಗೊಂದು, ಚಿಕ್ಕ ಅಳತೆಗೊಂದು ಬೇರೆಯೇ ಚಿತ್ರ ಇರುತ್ತದೆ. ಎರಡೂ ಸಿಕ್ಕರೆ ಒಂದೇ ಅಳತೆಗೆ ತಂದು ಒಂದರ ಮೇಲೊಂದಿಟ್ಟು ನೋಡಿ. ಚಿಕ್ಕದರಲ್ಲಿ ತೆಳು ಗೆರೆ ದಪ್ಪವಾಗಿ, ಸಂದುಗಳು ಹಿಗ್ಗಿ, ಕೆಲವು ಅಲಂಕಾರ ಕಣ್ಮರೆಯಾಗಿರುತ್ತವೆ. ಯಾವುದನ್ನು ಬಿಟ್ಟರು ಎಂಬುದರಲ್ಲೇ ಆ ಕಲಾವಿದರಿಗೆ ಯಾವುದು ಮುಖ್ಯವಾಗಿತ್ತು ಎಂಬುದು ಬಯಲಾಗುತ್ತದೆ.

ಬಿಳಿ ಜಾಗ

ಅಕ್ಷರಗಳ ನಡುವಿನ ಬಿಳಿಯನ್ನು ಕೆಂಪು ಪೆನ್ಸಿಲಿನಿಂದ ತುಂಬುತ್ತೇನೆ, ಅಕ್ಷರದೊಳಗಿನ ಬಿಳಿಯನ್ನು ನೀಲಿಯಿಂದ. ತುಂಬಿದ ಮೇಲೆ ಕೆಂಪು ತುಂಡುಗಳು ಹೆಚ್ಚುಕಡಿಮೆ ಒಂದೇ ವಿಸ್ತೀರ್ಣದವಾಗಿ ಕಾಣಬೇಕು. ಅಗಲ ಒಂದೇ ಆಗಿರಬೇಕಿಲ್ಲ. ಎರಡು ನೆಟ್ಟಗಿನ ಗೆರೆ ಎದುರಾದಾಗ ಸಂದು ಅತಿ ಹೆಚ್ಚು, ನೆಟ್ಟಗಿನದಕ್ಕೆ ದುಂಡು ಎದುರಾದರೆ ಕಡಿಮೆ, ದುಂಡಿಗೆ ದುಂಡು ಎದುರಾದರೆ ಇನ್ನೂ ಕಡಿಮೆ. ಸ್ಕೇಲಿಟ್ಟು ಎಲ್ಲ ಕಡೆ ಒಂದೇ ಮಿಲಿಮೀಟರ್ ಬಿಡುವವರ ಕೆಲಸ ದುಂಡಕ್ಷರಗಳ ಹತ್ತಿರ ತೂತು ಬಿದ್ದ ಹಾಗೆ ಕಾಣುವುದು ಇದಕ್ಕೇ.

ಉದ್ದದ ಪದದಲ್ಲಿ ಮೂರು ಅಕ್ಷರ ಬಿಟ್ಟು ಉಳಿದದ್ದನ್ನು ಮುಚ್ಚಿ, ನಡುವಿನದು ನಡುವೆಯೇ ಇದೆಯೇ ಎಂದು ನೋಡಿ. ಒಂದೊಂದೇ ಅಕ್ಷರ ಮುಂದಕ್ಕೆ ಸರಿಸುತ್ತ ಹೋಗಿ. ಕಂಪ್ಯೂಟರಿನಲ್ಲಾದರೆ 2000 ಪಿಕ್ಸೆಲ್ ಅಗಲದ ಚಿತ್ರಕ್ಕೆ 12ರಿಂದ 15 ಪಿಕ್ಸೆಲ್ ಗೌಸಿಯನ್ ಬ್ಲರ್ (ಚಿತ್ರ ಮಸುಕಾಗಿಸುವ ಫಿಲ್ಟರ್) ಹಾಕಿದರೆ ಪದ ಒಂದೇ ಬೂದು ಪಟ್ಟಿಯಾಗುತ್ತದೆ. ಪಟ್ಟಿಯಲ್ಲಿ ಕಪ್ಪು ಮಚ್ಚೆ ಕಂಡಲ್ಲಿ ಗೆರೆ ಗಂಟಾಗಿದೆ, ಬೆಳಕಿನ ಕಿಂಡಿ ಕಂಡಲ್ಲಿ ಸಂದು ಹೆಚ್ಚಾಗಿದೆ. ಒಳ್ಳೆಯ ಕೆಲಸದಲ್ಲೂ ಒಮ್ಮೊಮ್ಮೆ ಮಚ್ಚೆ ಸಿಗುತ್ತದೆ, ಹೆಸರು ದೊಡ್ಡದು ಎಂದು ಅದನ್ನು ಬಿಟ್ಟುಕೊಡಬೇಕಿಲ್ಲ.

ಮುಚ್ಚಿಟ್ಟಿದ್ದ ಬಳುಕು

ಈಗ ಕಾಗದದ ಚೂರು ತೆಗೆಯಬಹುದು. ಸ್ವಾಶ್‌ಗಳನ್ನು (ಅಕ್ಷರದಿಂದ ಹೊರಟ ಅಲಂಕಾರದ ಗೆರೆಗಳನ್ನು) ನೋಡುವಾಗ ಪ್ರತಿ ಸುರುಳಿಯೊಳಗೂ ಒಂದು ಮೊಟ್ಟೆಯಾಕಾರ ಬಿಡಿಸಿ. ಗಟ್ಟಿ ಕೆಲಸದಲ್ಲಿ ಆ ಮೊಟ್ಟೆಗಳೆಲ್ಲ ಒಂದೇ ದಿಕ್ಕಿಗೆ ವಾಲಿರುತ್ತವೆ, ಗಾತ್ರ ಮಾತ್ರ ಬೇರೆ. ಗೆರೆಗಳು ಒಂದನ್ನೊಂದು ದಾಟುವಾಗ ಹತ್ತಿರ ಹತ್ತಿರ 90 ಡಿಗ್ರಿಗೆ ದಾಟುತ್ತವೆ. ಓರೆಯಾಗಿ ಉಜ್ಜಿಕೊಂಡು ಹೋದರೆ ಅಲ್ಲೊಂದು ಚೂಪು ಕಪ್ಪು ಮೂಲೆ ಉಳಿಯುತ್ತದೆ. ದಪ್ಪದ ಮೇಲೆ ದಪ್ಪ ಹಾಯುವುದಿಲ್ಲ, ಎರಡರಲ್ಲೊಂದು ದಾಟುವ ಜಾಗಕ್ಕೆ ಬರುವಷ್ಟರಲ್ಲಿ ತೆಳುವಾಗಿರುತ್ತದೆ. ಗೆರೆ ಹೊರಡುವುದು ಪದದ ಮೊದಲ ಅಥವಾ ಕೊನೆಯ ಅಕ್ಷರದಿಂದ, ಇಲ್ಲವೇ ಮೇಲಕ್ಕೋ ಕೆಳಕ್ಕೋ ಚಾಚಿದ ಕಾಲಿನಿಂದ. ನಡುವಿನ ಅಕ್ಷರದ ಮೈಯಿಂದ ಹೊರಟರೆ ಓದು ಅಲ್ಲೇ ಮುಗ್ಗರಿಸುತ್ತದೆ.

ವೆಕ್ಟರ್

ಕೈಬಿಡಿಸಿದ್ದನ್ನು ಇಲ್ಲಸ್ಟ್ರೇಟರ್, ಇಂಕ್‌ಸ್ಕೇಪ್, ಗ್ಲಿಫ್ಸ್ ಯಾವುದರಲ್ಲಾದರೂ ವೆಕ್ಟರ್ ಆಗಿ, ಅಂದರೆ ಬಿಂದುಗಳೂ ತಿರುವುಗಳೂ ಸೇರಿದ ಚಿತ್ರವಾಗಿ, ಮತ್ತೆ ಕಟ್ಟಿ. ಚಿತ್ರವನ್ನು ಸಾಫ್ಟ್‌ವೇರೇ ಗೆರೆಯಾಗಿಸುವ ಆಟೋ ಟ್ರೇಸ್ ಬೇಡ. ಇಂಗ್ಲಿಷಿನ ಒಂದು ಓ ಅಕ್ಷರಕ್ಕೆ ಹೊರಗೆ ನಾಲ್ಕು, ಒಳಗೆ ನಾಲ್ಕು ನೋಡ್ (ಗೆರೆಯನ್ನು ಹಿಡಿದಿಡುವ ಬಿಂದು) ಸಾಕು. ಆಟೋ ಟ್ರೇಸ್ ಅದಕ್ಕೆ ಹತ್ತಾರು ನೋಡ್ ಚೆಲ್ಲುತ್ತದೆ, ಒಂದನ್ನು ಎಳೆದರೆ ಮೂರು ಕಡೆ ಉಬ್ಬುತ್ತದೆ. ನೋಡ್‌ಗಳನ್ನು ತಿರುವಿನ ತುತ್ತತುದಿಯಲ್ಲಿ, ಅಂದರೆ ಅತಿ ಮೇಲೆ, ಅತಿ ಕೆಳಗೆ, ಅತಿ ಎಡಕ್ಕೆ, ಅತಿ ಬಲಕ್ಕೆ ಇಟ್ಟು, ತಿರುವನ್ನು ಬಾಗಿಸುವ ಅವುಗಳ ಹ್ಯಾಂಡಲ್‌ಗಳನ್ನು ಶಿಫ್ಟ್ (ಇಂಕ್‌ಸ್ಕೇಪ್‌ನಲ್ಲಾದರೆ ಕಂಟ್ರೋಲ್) ಒತ್ತಿ ಹಿಡಿದು ನೇರ ಅಡ್ಡಕ್ಕೆ ಅಥವಾ ನೇರ ಉದ್ದಕ್ಕೆ ಎಳೆಯಿರಿ. ಪೂರ್ತಿ ವೃತ್ತಕ್ಕೆ ಹ್ಯಾಂಡಲ್‌ನ ಉದ್ದ ತ್ರಿಜ್ಯದ ಶೇಕಡಾ 55. ಅದಕ್ಕಿಂತ ಉದ್ದ ಮಾಡುತ್ತ ಹೋದಂತೆ ದುಂಡು ಚೌಕದ ಕಡೆಗೆ ಉಬ್ಬುತ್ತದೆ. ಒಂದೇ ತುಂಡಿನ ಎರಡು ಹ್ಯಾಂಡಲ್‌ಗಳಲ್ಲಿ ಒಂದು ಗಿಡ್ಡ, ಇನ್ನೊಂದು ತೀರಾ ಉದ್ದ ಆದರೆ ತಿರುವಿನಲ್ಲಿ ಮೂಲೆ ಕಾಣುತ್ತದೆ. ಎಸ್‌ನ ಬೆನ್ನುಮೂಳೆಯಲ್ಲಿ ನಡುವೆ ನೋಡ್ ಹಾಕಬೇಕು ಅನ್ನಿಸಿದರೆ ತಡೆದು ನೋಡಿ, ಹೆಚ್ಚಿನ ಸಲ ಮೇಲೂ ಕೆಳಗೂ ಇರುವ ಹ್ಯಾಂಡಲ್‌ಗಳನ್ನು ಸರಿಪಡಿಸಿದರೆ ಅದು ಬೇಕಾಗುವುದಿಲ್ಲ.

ಕಟ್ಟಿದ್ದನ್ನು ಮೂಲದ ಮೇಲಿಟ್ಟು ಹೋಲಿಸುವುದು ಒಂದು ಪರೀಕ್ಷೆ. ಇನ್ನೂ ಕಠಿಣವಾದದ್ದು, ಮೂಲವನ್ನು ಮುಚ್ಚಿಟ್ಟು, ಬರೆದಿಟ್ಟ ಅಳತೆಗಳಿಂದಷ್ಟೇ ಬೇರೊಂದು ಪದ ಬಿಡಿಸುವುದು. ಆ ಪದದಲ್ಲಿ ಮೂಲದಲ್ಲಿಲ್ಲದ ಅಕ್ಷರ ಕನಿಷ್ಠ ಎರಡು ಇರಲಿ. ಬಾಲವನ್ನು ನಕಲು ಮಾಡಿದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಕನ್ನಡಕ್ಕೆ ತರುವಾಗ

ಇಲ್ಲಿಯ ತನಕ ಹೇಳಿದ ಅಳತೆಗಳಲ್ಲಿ ಹಲವು ಕನ್ನಡದಲ್ಲಿ ಹಾಗೇ ನಡೆಯುವುದಿಲ್ಲ. ನಮ್ಮಲ್ಲಿ ನೆಟ್ಟಗಿನ ಕಂಬವೇ ಅಪರೂಪ, ಎಲ್ಲವೂ ದುಂಡು. ಸಂದುಗಳನ್ನು ಎತ್ತರದ ಒಂದೇ ಮಟ್ಟದಲ್ಲಿ ಅಳೆದರೆ ಪ್ರಯೋಜನವಿಲ್ಲ, ಒತ್ತಕ್ಷರ ಕೆಳಗೊಂದು ಬೇರೆಯೇ ಸಾಲು ಮಾಡುತ್ತದೆ.

ಹುಣ್ಣಿಮೆ ಎಂಬ ಪದ ತೆಗೆದುಕೊಳ್ಳಿ. ಮೂರೇ ಅಕ್ಷರ, ಆದರೆ ಮೂರರ ತಲೆಯೂ ಬೇರೆ. ಹುಗೆ ತಲಕಟ್ಟು, ಣ್ಣಿಗೆ ಗುಡಿಸು, ಮೆಗೆ ಎತ್ವ. ಈ ಮೂರನ್ನು ಒಂದೇ ದಪ್ಪಕ್ಕೆ, ಒಂದೇ ವಾಲಿಕೆಗೆ ತರುವುದು ಮೊದಲ ಕೆಲಸ, ಪದದ ಮೇಲಂಚು ಇದರಿಂದಲೇ ಹುಟ್ಟುತ್ತದೆ. ಆಮೇಲೆ ನಡುವಿನ ಣ್ಣಿ. ಮೇಲೆ ಗುಡಿಸು, ಕೆಳಗೆ ಒತ್ತು, ಪದದ ತೂಕವೆಲ್ಲ ಅಲ್ಲಿಗೇ ಬಂದು ಕೂರುತ್ತದೆ. ಒತ್ತನ್ನು ಮೂಲಾಕ್ಷರದಿಂದ ಕುಗ್ಗಿಸಿ ತಂದಿಡುವುದು ಎಲ್ಲರೂ ಹಿಡಿಯುವ ಅಡ್ಡದಾರಿ. ಶೇಕಡಾ 60ಕ್ಕೆ ಕುಗ್ಗಿಸಿದರೆ 8 ಮಿಲಿಮೀಟರಿನ ಗೆರೆ 4.8 ಆಗಿ ಒತ್ತು ಬಡಕಲಾಗುತ್ತದೆ. ಗಾತ್ರ 60 ಇರಲಿ, ಗೆರೆ ಮಾತ್ರ 80ರ ಹತ್ತಿರ, ಅಂದರೆ ಆರೂವರೆ ಮಿಲಿಮೀಟರ್ ಬರುವಂತೆ ಹೊಸದಾಗಿ ಬಿಡಿಸಿ. ಒಳಗಿನ ಬಿಳಿ ಮುಚ್ಚುವ ಹಾಗಾದರೆ ಸುರುಳಿಯ ಆಕಾರ ಸರಳ ಮಾಡಿ, ಗೆರೆ ಸಪೂರ ಮಾಡಬೇಡಿ. ಮೂರನೆಯದು, ಒತ್ತು ಬಲಕ್ಕೆ ಚಾಚುವುದರಿಂದ ಅನೇಕ ಫಾಂಟುಗಳಲ್ಲಿ ಣ್ಣಿಗೂ ಮೆಗೂ ನಡುವೆ ದೊಡ್ಡ ಸಂದು ಬೀಳುತ್ತದೆ. ಲೆಟರಿಂಗ್‌ನಲ್ಲಿ ಆ ಬಂಧನವಿಲ್ಲ. ಮೆಯನ್ನು ಎಡಕ್ಕೆ ಸರಿಸಿ, ಒತ್ತನ್ನು ಅದರ ಅಡಿಗೆ ನುಗ್ಗಿಸಬಹುದು.

ಬಳುಕಿಗೆ ಜಾಗ ಹುಡುಕುವಾಗ ಎಚ್ಚರ ಬೇಕು. ಹುವಿನ ಕೊಂಬನ್ನು ಎಳೆದು ಕೆಳಕ್ಕೆ ಇಳಿಸಿದರೆ ಅದು ಹೂ ಎಂದು ಓದಿಸಿಕೊಳ್ಳುತ್ತದೆ. ಮೆಯ ಬಲಕ್ಕೆ ಒಂದು ಸುರುಳಿ ಬಂತೆಂದರೆ ದೀರ್ಘ ಬಂದು ಮೇ ಆಯಿತು. ಇಂಗ್ಲಿಷ್ ಲೆಟರಿಂಗ್ ನೋಡಿ ಕೊನೆಯ ಅಕ್ಷರದಿಂದ ಬಾಲ ತೆಗೆಯುವ ರೂಢಿಯಾದವರು ಇಲ್ಲಿ ತಪ್ಪದೆ ಬೀಳುತ್ತಾರೆ. ಈ ಪದದಲ್ಲಿ ನಿರಪಾಯದ ಜಾಗ ಒಂದೇ, ಒತ್ತಿನ ಎಡ ತುದಿಯನ್ನು ಹುವಿನ ಅಡಿಗೆ ಹಾಯಿಸುವುದು. ಬೇರೆ ಪದಗಳಲ್ಲಿ ಯ-ಒತ್ತಿನ ಬಾಲ, ರ-ಒತ್ತಿನ ತಿರುವು, ನಿಜವಾಗಿಯೂ ಇರುವ ದೀರ್ಘದ ತುದಿ ಇವೆಲ್ಲ ಎಳೆಯುವುದಕ್ಕೆ ಒಗ್ಗುತ್ತವೆ. ಧ, ಢ, ಭ, ಫ, ಛ ಇವುಗಳ ಅಡಿಯ ಪುಟ್ಟ ಗೆರೆಯನ್ನು ಅಲಂಕಾರದಲ್ಲಿ ಕರಗಿಸಬೇಡಿ, ಅಕ್ಷರವೇ ಬದಲಾಗಬಹುದು.

ಕನ್ನಡದಲ್ಲಿ ಅಳತೆಗೆ ಮಾದರಿ ಬೇಕಾದರೆ ಫಾಂಟ್ ತಯಾರಿಸುವ ಏಕ್ ಟೈಪ್‌ನವರ ಅನೇಕ್ ಕನ್ನಡ ಫಾಂಟನ್ನು ಬಳಸುತ್ತೇನೆ. ಹತ್ತು ಲಿಪಿಗಳಿಗೆ ಮಾಡಿರುವ ಈ ಕುಟುಂಬದಲ್ಲಿ ತೂಕ 100ರಿಂದ 800ರವರೆಗೆ, ಅಗಲ 75ರಿಂದ 125ರವರೆಗೆ ಎಳೆದಂತೆ ಬದಲಾಗುತ್ತದೆ. ಹುಣ್ಣಿಮೆಯನ್ನು 100ರಲ್ಲೂ 800ರಲ್ಲೂ ಹಾಕಿ ಒಂದರ ಮೇಲೊಂದಿಡಿ. ತೂಕ ಏರಿದಂತೆ ಯಾವ ಗೆರೆ ಪೂರ್ತಿ ದಪ್ಪವಾಯಿತು, ಯಾವುದನ್ನು ತಡೆದರು, ಒತ್ತಿನ ಒಳಬಿಳಿಯನ್ನು ಹೇಗೆ ಉಳಿಸಿಕೊಂಡರು ಎಂಬುದನ್ನು ಅಂಕಿಯಲ್ಲೇ ಬರೆದುಕೊಳ್ಳಬಹುದು. ಕೈಬರಹದ ಹುರುಪಿರುವ ತಲೆಬರಹಕ್ಕಾದರೆ ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಮಾಡಿದ ಅಕಾಯಾ ಕನಡಕ ನೋಡಿ. ಎರಡೂ ಮುಕ್ತ ಪರವಾನಗಿಯ ಫಾಂಟುಗಳು, ಫೈಲು ತೆರೆದು ನೋಡ್‌ಗಳನ್ನು ಎಣಿಸಲು ಯಾರ ಅಪ್ಪಣೆಯೂ ಬೇಡ.

ಲೆಟರಿಂಗ್‌ಗೆ ಆ ಸಡಿಲಿಕೆ ಇಲ್ಲ. ಟ್ರೇಸ್ ಮಾಡಿದ ಹಾಳೆ ನನ್ನ ಕಪಾಟಿನಿಂದಾಚೆ ಹೋಗುವುದಿಲ್ಲ. ಹೊರಗೆ ತೋರಿಸುವುದಿದ್ದರೆ ಅಳತೆಗಳಿಂದ ಬಿಡಿಸಿದ ಬೇರೆ ಪದವನ್ನು ತೋರಿಸುತ್ತೇನೆ, ಅದರ ಜೊತೆಗೂ ಯಾರ ಯಾವ ಕೆಲಸದಿಂದ ಕಲಿತದ್ದು ಎಂದು ಚಿತ್ರದೊಳಗೇ ಬರೆಯುತ್ತೇನೆ. ಅಡಿಬರಹದಲ್ಲಿ ಬರೆದದ್ದು ಮೊದಲ ಸಲ ಚಿತ್ರ ಕೈಬದಲಾದಾಗಲೇ ಕಳಚಿಹೋಗುತ್ತದೆ. ಫೈಲಿನ ಹೆಸರಿಗೂ ಕಲಾವಿದರ ಹೆಸರು, ವರ್ಷ, ‘ಅಭ್ಯಾಸ’ ಎಂಬ ಪದ ಸೇರಿಸಿಡಿ. ಗಿರಾಕಿಗೆ ಕಳಿಸುವ ಫೋಲ್ಡರಿಗೆ ಕಣ್ತಪ್ಪಿನಿಂದಲೂ ಅದು ಸೇರಬಾರದು.